ಹೆಳವರ ಹೊತ್ತಿಗೆಯಲ್ಲಿ ಊರಿನ ಮೂಲ

ಸುಗ್ಗಿ ಮುಗಿದು ಜೋಳದ ರಾಶಿ ಮನೆ ಸೇರುವ ಹೊತ್ತಿಗೆ ಧಾರವಾಡ ಸೀಮೆಯ ಹಳ್ಳಿಗಳಿಗೆ ಹೆಳವರು ಬರುವುದು ಹಳೆಯ ವಾಡಿಕೆ. ಹಿಂದೆ ಅವರು ಬರುತ್ತಿದ್ದುದು ಶೃಂಗರಿಸಿದ ಎತ್ತಿನ ಮೇಲೆ, ಕಾಲಿಗೆ ಕಂಬಳಿ ಸುತ್ತಿಕೊಂಡು. ಮನೆಯ ಮುಂದೆ ನಿಂತು ಯಜಮಾನನ ತಂದೆ, ಅಜ್ಜ, ಮುತ್ತಜ್ಜ ಎಂದು ತಲೆಮಾರುಗಳ ಹೆಸರು ಹೇಳುತ್ತ ಹೋಗಿ, ಕೊನೆಗೆ ಈ ಮನೆತನ ಇಂಥ ಊರನ್ನು ಬಿಟ್ಟು, ಇಂಥ ಕಾರಣಕ್ಕೆ ಇಲ್ಲಿಗೆ ಬಂದಿತು ಎಂದು ಮುಗಿಸುವರು. ತಾವು ಅನಾದಿಯಿಂದಲೂ ಇದೇ ಊರಿನವರು ಎಂದು ನಂಬಿಕೊಂಡವರಿಗೆ ಆ ಕೊನೆಯ ಮಾತು ಸ್ವಲ್ಪ ಇರಿಸುಮುರಿಸನ್ನೇ ಉಂಟುಮಾಡುತ್ತದೆ.

‘ಹೆಳವ’ ಎಂದರೆ ಕಾಲಿಲ್ಲದವನು, ಕುಂಟ. ನಡೆಯಲಾರದ ತಮ್ಮ ಮೂಲಪುರುಷನಿಗೆ ಬಸವಣ್ಣನವರು ಎತ್ತನ್ನು ಕೊಟ್ಟು, ಭಕ್ತರ ಮನೆತನಗಳ ಚರಿತ್ರೆ ಹೇಳಿ ಬದುಕುವಂತೆ ಹರಸಿದರೆಂಬುದು ಈ ಸಮುದಾಯದಲ್ಲಿ ಪ್ರಚಲಿತವಿರುವ ಐತಿಹ್ಯ. ಐತಿಹ್ಯ ಹೇಗೇ ಇರಲಿ, ವ್ಯವಸ್ಥೆ ಮಾತ್ರ ಬಹು ಅಚ್ಚುಕಟ್ಟಾದದ್ದು. ಒಂದೊಂದು ಹೆಳವ ಕುಟುಂಬಕ್ಕೆ ಇಂತಿಷ್ಟು ಊರು, ಇಂತಿಷ್ಟು ಒಕ್ಕಲು ಎಂದು ಹಂಚಿಕೆಯಾಗಿರುತ್ತದೆ. ಒಬ್ಬರ ಒಕ್ಕಲಿಗೆ ಇನ್ನೊಬ್ಬರು ಹೋಗುವಂತಿಲ್ಲ. ಕೆಲವು ವರ್ಷಗಳಿಗೊಮ್ಮೆ ಬಂದಾಗ ಹಿಂದಿನ ಭೇಟಿಯ ನಂತರ ಹುಟ್ಟಿದವರ ಹೆಸರನ್ನು ಸೇರಿಸಿಕೊಳ್ಳುತ್ತಾರೆ. ಪ್ರತಿಯಾಗಿ ಕಾಳು, ಬಟ್ಟೆ, ಹಣ, ಉಳ್ಳವರ ಮನೆಯಿಂದ ಒಮ್ಮೊಮ್ಮೆ ದನಕರು. ಮೊದಲು ನೆನಪಿನಲ್ಲೇ ಉಳಿದಿದ್ದ ಈ ವಿವರ ಕಾಲಕ್ರಮದಲ್ಲಿ ತಾಳೆಗರಿ, ತಾಮ್ರಪಟಗಳಿಗೂ, ಮುಂದೆ ಕಾಗದದ ಹೊತ್ತಿಗೆಗಳಿಗೂ ಇಳಿಯಿತು.

ಈ ಹೊತ್ತಿಗೆಗಳ ಬೆಲೆ ಅರಿಯಬೇಕಾದರೆ ಸರ್ಕಾರಿ ಕಾಗದಪತ್ರಗಳಲ್ಲಿ ಇಲ್ಲದ್ದೇನು ಎಂಬುದನ್ನು ನೆನೆಯಬೇಕು. ಇಂಗ್ಲೆಂಡಿನಲ್ಲಿ 1538ರಿಂದಲೇ ಪ್ರತಿ ಚರ್ಚಿನಲ್ಲೂ ದೀಕ್ಷಾಸ್ನಾನ, ಮದುವೆ, ಮರಣಗಳನ್ನು ಬರೆದಿಡಬೇಕೆಂಬ ಆಜ್ಞೆ ಹೊರಟಿತ್ತು. ನಮ್ಮಲ್ಲಿ ಜನನ ಮರಣ ನೋಂದಣಿಗೆ ಕಾನೂನು ಬಂದದ್ದು 1886ರಲ್ಲಿ, ಅದೂ ಐಚ್ಛಿಕವಾಗಿ. ಇಡೀ ದೇಶಕ್ಕೆ ಕಡ್ಡಾಯವಾದದ್ದು 1969ರ ಕಾಯಿದೆಯಿಂದ. ಜನಗಣತಿ ತಲೆಗಳನ್ನು ಎಣಿಸಿತೇ ಹೊರತು ಹೆಸರುಗಳನ್ನು ಕಾಪಾಡಲಿಲ್ಲ. ಶಾಸನಗಳೆನ್ನೋಣವೇ? ಧಾರವಾಡದ ಸಮೀಪದ ನರೇಂದ್ರದ 12ನೆಯ ಶತಮಾನದ ಶಾಸನ ಗೋವೆಯ ಕದಂಬರ ವಂಶಾವಳಿಯನ್ನು ವಿಸ್ತಾರವಾಗಿ ಹೇಳುತ್ತದೆ. ಅದೇ ನೆಲವನ್ನು ಉತ್ತವರ ವಂಶಾವಳಿಯನ್ನು ಹೇಳುವ ಕಲ್ಲು ಇಲ್ಲ. ಆ ಕೆಲಸವನ್ನು ಮಾಡಿದವರು ಭಿಕ್ಷುಕರೆಂದು ಕರೆಸಿಕೊಂಡ ಹೆಳವರು.

ಒಕ್ಕಲು ಮನೆತನಗಳು ಊರು ಬಿಟ್ಟು ಊರಿಗೆ ಬಂದವೆಂಬುದಕ್ಕೆ ನಮ್ಮ ಅಡ್ಡಹೆಸರುಗಳೇ ಸಾಕ್ಷಿ. ಅಣ್ಣಿಗೇರಿ, ನವಲಗುಂದ, ಕಲಘಟಗಿ, ಬಾಗಲಕೋಟಿ ಎಂಬ ಅಡ್ಡಹೆಸರಿನವರು ಹುಬ್ಬಳ್ಳಿಯ ಯಾವ ಓಣಿಯಲ್ಲಾದರೂ ಸಿಗುತ್ತಾರೆ. ಅಣ್ಣಿಗೇರಿಯಲ್ಲೇ ಇರುವವನನ್ನು ನೆರೆಯವರು ಅಣ್ಣಿಗೇರಿಯವನೆಂದು ಕರೆಯಬೇಕಾದ ಪ್ರಮೇಯವೇ ಇಲ್ಲ. ಊರು ಬಿಟ್ಟಾಗಲೇ ಊರಿನ ಹೆಸರು ಬೆನ್ನಿಗೆ ಅಂಟಿಕೊಳ್ಳುವುದು. ಬಡಿಗೇರ, ಕಮ್ಮಾರ, ಅಂಗಡಿ, ಹಿರೇಮಠ ಎಂಬ ಹೆಸರುಗಳು ಏನು ಮಾಡುತ್ತಿದ್ದರು ಎಂಬುದನ್ನು ಹೇಳಿದರೆ, ಊರಿನ ಹೆಸರುಗಳು ಎಲ್ಲಿಂದ ಹೊರಟರು ಎಂಬುದನ್ನು ಹೇಳುತ್ತವೆ.

ಯಾಕೆ ಹೊರಟರು? ಮುಖ್ಯ ಕಾರಣಗಳು ಎರಡು: ಯುದ್ಧ ಮತ್ತು ಬರ. 1790–91ರಲ್ಲಿ ಟಿಪ್ಪುವಿನ ವಶದಲ್ಲಿದ್ದ ಧಾರವಾಡದ ಕೋಟೆಗೆ ಪರಶುರಾಮ ಭಾವೆಯ ಮರಾಠಾ ಸೈನ್ಯ ತಿಂಗಳುಗಟ್ಟಲೆ ಮುತ್ತಿಗೆ ಹಾಕಿತು. ಅದರ ಬೆನ್ನಲ್ಲೇ ಬಂದ 1791–92ರ ಕ್ಷಾಮವನ್ನು ಜನ ತಲೆಬುರುಡೆಯ ಬರವೆಂದೇ ನೆನಪಿಟ್ಟರು. ಮುಂದೆ 1876–78ರ ಬರದಲ್ಲಿಯೂ ಅದೇ ಗತಿ: 1872ಕ್ಕೂ 1881ಕ್ಕೂ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಒಂದು ಲಕ್ಷಕ್ಕೂ ಹೆಚ್ಚು ಇಳಿಯಿತು. ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂಬುದನ್ನು ಆ ಅಂಕಿ ಬಿಡಿಸಿ ಹೇಳುವುದಿಲ್ಲ. ಕಂದಾಯ ದಫ್ತರಗಳಲ್ಲಿ ಇಂದಿಗೂ ‘ಬೇಚರಾಕ್’ ಗ್ರಾಮಗಳಿವೆ. ಪಾರಸಿ ಮೂಲದ ಈ ಶಬ್ದದ ಅರ್ಥ ದೀಪವಿಲ್ಲದ ಊರು. ನಕಾಶೆಯಲ್ಲಿ ಗಡಿಯುಂಟು, ಸರ್ವೆ ನಂಬರುಂಟು, ಒಲೆ ಹಚ್ಚುವವರಿಲ್ಲ. ಹೆಳವರು ಮೂಲವೆಂದು ಹೇಳುವ ಊರು ಎಷ್ಟು ಹುಡುಕಿದರೂ ಸಿಗದಿದ್ದರೆ ಬೇಚರಾಕ್ ಗ್ರಾಮಗಳ ಪಟ್ಟಿಯನ್ನೂ ನೋಡುವುದು ಒಳ್ಳೆಯದು.

ಹೋದವರನ್ನು ಕರೆಯುವವರೂ ಇದ್ದರು. ಬೀಳುಬಿದ್ದ ಹೊಲದಿಂದ ಯಾರಿಗೂ ಆದಾಯವಿಲ್ಲ. ಆದ್ದರಿಂದ ಆಳುವವರು, ದೇಸಾಯರು ‘ಕೌಲು’ ಕೊಟ್ಟು ಒಕ್ಕಲುಗಳನ್ನು ಕರೆತರುತ್ತಿದ್ದರು: ಮೊದಲ ವರ್ಷಗಳಲ್ಲಿ ಅತ್ಯಲ್ಪ ಕಂದಾಯ, ವರ್ಷದಿಂದ ವರ್ಷಕ್ಕೆ ಏರಿಕೆ. ಪೇಟೆಗಳು ಬೆಳೆದದ್ದೂ ಹೊರಗಿನಿಂದ ಬಂದವರಿಂದಲೇ. ಸವಣೂರಿನ ನವಾಬ ಮಜೀದ್‌ಖಾನನ ಕಾಲದಲ್ಲಿ, 1727ರಲ್ಲಿ, ವ್ಯಾಪಾರಿ ಬಸಪ್ಪಶೆಟ್ಟರು ಹೊಸ ಹುಬ್ಬಳ್ಳಿಯನ್ನು ಕಟ್ಟಿಸಿದರು. 1880ರ ದಶಕದಲ್ಲಿ ರೈಲು ಬಂದು, ಅದರ ಕಾರ್ಖಾನೆಯೂ ನೆಲೆಯೂರಿದ ಮೇಲೆ ತಮಿಳು, ತೆಲುಗು ನಾಡಿನ ಕುಟುಂಬಗಳು ಇಲ್ಲಿಯವೇ ಆದವು. ಮೊದಲು ಬಂದವರು, ಆಮೇಲೆ ಬಂದವರು ಎಂಬ ಭೇದ ಉಂಟು. ಎಲ್ಲಿಂದಲೂ ಬಾರದವರು ಸಿಗುವುದು ಕಷ್ಟ.

ಹೆಳವರ ವಂಶಾವಳಿ ಬರಿಯ ಕುತೂಹಲದ ವಸ್ತುವಾದರೆ ರಾಜ್ಯದ ದೃಷ್ಟಿಯಲ್ಲಿ ವಂಶಾವಳಿ ಎಂದರೆ ಆಸ್ತಿ. ಧಾರವಾಡದವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜ ಗತಿಸಿದಾಗ, ದತ್ತುಪುತ್ರನ ಹೆಸರನ್ನು ಆ ವಂಶದ ಸಾಲಿನಲ್ಲಿ ಬರೆಯಲು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಆತನೇ ಹತನಾದ. ನರಗುಂದದ ಬಾಬಾಸಾಹೇಬ ಭಾಸ್ಕರರಾವ್ 1858ರಲ್ಲಿ ದಂಗೆಯೇಳಲು ಇದ್ದ ಕಾರಣಗಳಲ್ಲಿಯೂ ದತ್ತಕದ ನಿರಾಕರಣೆ ಒಂದು. ಈ ಎರಡು ಘಟನೆಗಳ ನಡುವಿನ ಅವಧಿಯಲ್ಲೇ ಇನಾಮು ಭೂಮಿಗಳ ತನಿಖೆ ನಡೆಯಿತು. ಸನದು, ವಂಶಾವಳಿಗಳನ್ನು ತಂದು ಹಕ್ಕನ್ನು ರುಜುವಾತು ಮಾಡಬೇಕಾದ ಸ್ಥಿತಿ ಇನಾಮುದಾರರಿಗೆ ಒದಗಿತು. ಗೌಡಕಿ, ಕುಲಕರ್ಣಿಕಿ ವತನಗಳಿಗೂ ಇದೇ ನಿಯಮ. ವತನವುಳ್ಳವನ ವಂಶವೃಕ್ಷ ಚಾವಡಿಯಲ್ಲಿ ಉಳಿಯಿತು. ವತನವಿಲ್ಲದವನದು ಹೆಳವರ ನಾಲಗೆಯ ಮೇಲೆ.

ಹಾಗೆಂದು ಹೆಳವರ ಮಾತನ್ನೆಲ್ಲ ಇತಿಹಾಸವೆಂದು ಕಣ್ಣುಮುಚ್ಚಿ ಒಪ್ಪಲಾಗದು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದು ನಮ್ಮ ಪದ್ಧತಿ. ಬಸಪ್ಪನ ಮಗ ಕಲ್ಲಪ್ಪ, ಅವನ ಮಗ ಮತ್ತೆ ಬಸಪ್ಪ. ಇಂಥ ಸಾಲಿನಲ್ಲಿ ಎರಡು ತಲೆಮಾರು ಬಿಟ್ಟುಹೋದರೂ, ಎರಡು ಹೆಚ್ಚಾದರೂ ಗೊತ್ತಾಗುವುದಿಲ್ಲ. ತಲೆಮಾರಿಗೆ 25–30 ವರ್ಷವೆಂದು ಹಿಡಿದರೆ ಎಂಟು ಹೆಸರುಗಳು ಇನ್ನೂರು, ಇನ್ನೂರೈವತ್ತು ವರ್ಷ ಹಿಂದಕ್ಕೆ ಹೋಗುತ್ತವೆ. ಅದರಾಚೆ ಸಾಲು ನೇರ ಕಲ್ಯಾಣಕ್ಕೆ ಹಾರಿದರೆ ಅದನ್ನು ಭಕ್ತಿಯ ಮಾತೆಂದು ತಿಳಿಯುವುದು ಸರಿ. ದಾನ ಕೊಡುವವರ ಮುಂದೆ ಹೇಳುವ ಕಥೆಯಾದ್ದರಿಂದ ಹೊಗಳಿಕೆಯೂ ಬೆರೆತಿರುತ್ತದೆ. ಆದರೆ ವಲಸೆಯ ಮಾತಿಗೆ ಹೆಚ್ಚು ತೂಕವುಂಟು. ಬರಕ್ಕೆ ಹೆದರಿ, ಸಾಲಕ್ಕೆ ಅಂಜಿ, ಜಗಳವಾಡಿ ಊರು ಬಿಟ್ಟವರೆಂದು ಹೇಳುವುದರಿಂದ ಹೆಳವನಿಗೆ ಹೆಚ್ಚಿನ ಕಾಳೇನೂ ಸಿಗುವುದಿಲ್ಲ. ಮೆಚ್ಚಿಸಲು ಹೇಳದ ಮಾತು ನಿಜವಾಗಿರುವ ಸಂಭವ ಹೆಚ್ಚು.

ಇದಕ್ಕಿಂತ ದೊಡ್ಡ ಕೊರತೆ ಬೇರೊಂದಿದೆ. ಸಾಮಾನ್ಯವಾಗಿ ಈ ಹೊತ್ತಿಗೆಗಳಲ್ಲಿ ನಡೆಯುವುದು ಗಂಡುಮಕ್ಕಳ ಸಾಲು. ತಂದೆಯಿಂದ ಮಗನಿಗೆ ಹೆಸರು ಸಾಗುತ್ತದೆ. ಹೆಣ್ಣುಮಗಳು ಕೊಟ್ಟ ಮನೆಗೆ ಹೋದಳೆಂದು ಅಲ್ಲಿಗೆ ಮುಗಿಯುತ್ತದೆ. ವತನದ ವಂಶಾವಳಿಯದೂ ಇದೇ ಕ್ರಮ. ಭೂಮಿಯೂ ಕಾಳೂ ಇಲ್ಲದ ಮನೆಗಳ ಹೆಸರು ಎಷ್ಟೋ ಕಡೆ ಯಾವ ಹೊತ್ತಿಗೆಗೂ ಏರಲಿಲ್ಲ. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಶನ್ನಿನವರು ದೀಕ್ಷಾಸ್ನಾನದ ಪುಸ್ತಕಗಳಲ್ಲಿ ಹೆಣ್ಣು ಗಂಡೆನ್ನದೆ ಹೆಸರು ಬರೆದರು. ಆದರೆ ಅದು ತಮ್ಮ ಸಭೆಗೆ ಸೇರಿದವರಿಗೆ ಮಾತ್ರ. ಯಾವ ಉದ್ದೇಶಕ್ಕೆ ಬರೆಯುತ್ತೇವೆಯೋ ಆ ಉದ್ದೇಶಕ್ಕೆ ಬೇಕಾದವರಷ್ಟೇ ದಾಖಲೆಯಲ್ಲಿ ಉಳಿಯುತ್ತಾರೆ.

ಈಗ ಆ ಉದ್ದೇಶವೇ ಬದಲಾಗಿದೆ. ತಂದೆ ತೀರಿದ ಮೇಲೆ ಪೌತಿ ಖಾತೆಗಾಗಿ ಗ್ರಾಮ ಆಡಳಿತಾಧಿಕಾರಿಯ ಬಳಿ ವಂಶವೃಕ್ಷ ಮಾಡಿಸುವವರು ಅದರಲ್ಲಿ ಹೆಣ್ಣುಮಕ್ಕಳ ಹೆಸರನ್ನೂ ಬರೆಸಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಮಗನಂತೆಯೇ ಹಕ್ಕು ನೀಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿಯೇ ತಂದಿತ್ತು, ಅಲ್ಲಿಯವರೆಗೆ ಮದುವೆಯಾಗದಿದ್ದವರಿಗೆ ಮಾತ್ರ. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಹೆಸರು ಬಿಟ್ಟು ಮಾಡಿಸಿದ ವಂಶವೃಕ್ಷ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಅಕ್ಕ ತಂಗಿಯರ ನಡುವಿನ ಎಷ್ಟೋ ವ್ಯಾಜ್ಯಗಳ ಬೇರು ಇಂಥ ಒಂದು ಖಾಲಿ ಜಾಗದಲ್ಲಿದೆ.

ಹೆಳವರ ಮಕ್ಕಳು ಶಾಲೆ ಕಲಿತು ಬೇರೆ ಉದ್ಯೋಗ ಹಿಡಿಯುತ್ತಿದ್ದಾರೆ. ಅದು ಅವರ ಹಕ್ಕು. ಹೊತ್ತಿಗೆ ಓದುವ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಅವರು ಬಾಗಿಲಿಗೆ ಬಂದಾಗ ನಾಲ್ಕು ಸೇರು ಜೋಳ ಹಾಕಿ ಕಳಿಸುವುದರ ಜೊತೆಗೆ ಒಂದು ಗಳಿಗೆ ಕೂರಿಸಿ, ಹೇಳಿದ್ದನ್ನು ಬರೆದುಕೊಳ್ಳುವುದು ಕಷ್ಟದ ಕೆಲಸವಲ್ಲ. ಹಾಗೆ ಬರೆಯುವಾಗ ಅವರ ಸಾಲಿನಲ್ಲಿ ಇಲ್ಲದ ಅಜ್ಜಿ, ಮುತ್ತಜ್ಜಿ, ಸೋದರತ್ತೆಯರ ಹೆಸರನ್ನು ಮನೆಯ ಹಿರಿಯ ಹೆಂಗಸರಿಂದ ಕೇಳಿ ಸೇರಿಸಿದರೆ, ಆ ಮನೆತನದ ವಂಶಾವಳಿ ಮೊದಲ ಬಾರಿಗೆ ಪೂರ್ತಿಯಾದೀತು.