ಹೊಳೆ ತಡೆದ ಪ್ರವಾಸಿಗಳು

ಗದಗಿನಿಂದ ಬಾದಾಮಿಗೆ ಹೋಗುವ ರೈಲಿನಲ್ಲಿ ಕುಳಿತವರಿಗೆ ಹೊಳೆಆಲೂರು ಒಂದು ಸಣ್ಣ ನಿಲ್ದಾಣ. ಸುತ್ತಲೂ ಕಣ್ಣು ಹರಿಯುವಷ್ಟು ದೂರ ಎರೆಯ ಹೊಲ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬಿದ್ದರೆ ಈ ರೋಣ ಸೀಮೆಯ ಒಕ್ಕಲಿಗನು ದೇವರಿಗೆ ಕೈಮುಗಿಯುವನು. ಊರಿನ ಹೆಸರಿನಲ್ಲಿರುವ ಹೊಳೆಯು ಮಲಪ್ರಭೆ. ಇಂಥ ಒಣನಾಡಿನ ಜನರು 2019ರ ಆಗಸ್ಟ್ ತಿಂಗಳಲ್ಲಿ ಮನೆ ಬಿಟ್ಟು, ದನಕರುಗಳನ್ನು ಹೊಡೆದುಕೊಂಡು, ಎತ್ತರದ ನೆಲೆಗಳಿಗೆ ಹೋಗಬೇಕಾಯಿತು. ಅವರನ್ನು ಅಟ್ಟಿದ ನೀರು ಅವರ ಹೊಲದ ಮೇಲೆ ಬಿದ್ದ ಮಳೆಯದಲ್ಲ. ಅದು ಬಿದ್ದದ್ದು ಬಹುದೂರದ ಸಹ್ಯಾದ್ರಿಯಲ್ಲಿ. ಅದನ್ನು ಬೀಳಿಸಲು ನೆರವಾದ ಗಾಳಿಯ ಸುಳಿ ಇದ್ದುದು ಇನ್ನೂ ದೂರದ ಬಂಗಾಳ ಕೊಲ್ಲಿಯಲ್ಲಿ.

ಇದು ಹೇಗೆ ಸಾಧ್ಯವೆಂದು ವಾಚಕರು ಕೇಳಬಹುದು. ಅಮೆರಿಕದವರು ಹರಿಕೇನ್ ಎಂದೂ, ಚೀನ ಜಪಾನುಗಳ ಕಡೆ ಟೈಫೂನ್ ಎಂದೂ, ನಾವು ಚಂಡಮಾರುತವೆಂದೂ ಕರೆಯುವುದು ಒಂದೇ ವಸ್ತುವನ್ನು. ‘ಸೈಕ್ಲೋನ್’ ಎಂಬ ಹೆಸರಂತೂ ನಮ್ಮ ದೇಶದಲ್ಲಿಯೇ ಹುಟ್ಟಿತು. ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬಾತನು ಹಾವಿನ ಸುತ್ತನ್ನು ಸೂಚಿಸುವ ಗ್ರೀಕ್ ಪದದಿಂದ ಅದನ್ನು 19ನೆಯ ಶತಮಾನದ ಮಧ್ಯದಲ್ಲಿ ರಚಿಸಿದನು. ಬೆಚ್ಚಗಿನ ಕಡಲಿನಿಂದ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 600 ಕ್ಯಾಲೊರಿ ಶಾಖ ಬೇಕು. ಆ ಆವಿಯು ಮೇಲೇರಿ ತಣಿದು ಹನಿಯಾದಾಗ ಆ ಶಾಖವು ಅಷ್ಟೂ ಹೊರಬಿದ್ದು ಸುತ್ತಲಿನ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಇನ್ನೂ ಮೇಲೇರುತ್ತದೆ. ಕೆಳಗೆ ವಾಯುಭಾರ ಕುಸಿದು ಸುತ್ತಣ ಗಾಳಿ ಒಳನುಗ್ಗುತ್ತದೆ. ಭೂಮಿಯು ತಿರುಗುತ್ತಿರುವುದರಿಂದ ಹೀಗೆ ನುಗ್ಗುವ ಗಾಳಿ ನೇರವಾಗಿ ಬರಲಾರದೆ ಸುತ್ತಿಕೊಂಡು ಬರುವುದು. ನಮ್ಮ ಉತ್ತರಾರ್ಧ ಗೋಲದಲ್ಲಿ ಆ ಸುತ್ತು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನದು.

ಒಂದು ಕಾಗದದ ಮೇಲೆ ಭಾರತದ ನಕ್ಷೆಯನ್ನು ಬರೆದು, ಒಡಿಶಾದ ಕರಾವಳಿಯ ಬಳಿ ಇಂಥ ಸುತ್ತೊಂದನ್ನು ಎಳೆದು ನೋಡಿರಿ. ಸುತ್ತಿನ ದಕ್ಷಿಣ ಭಾಗದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸಬೇಕಾಗುತ್ತದೆ. ಮುಂಗಾರಿನ ಗಾಳಿಯ ದಿಕ್ಕೂ ಅದೇ. ಎರಡೂ ಸೇರಿದಾಗ ಅರಬೀ ಸಮುದ್ರದ ಆವಿಯು ಸಹ್ಯಾದ್ರಿಯ ಗೋಡೆಗೆ ಇಮ್ಮಡಿ ಬಲದಿಂದ ಬಡಿಯುವುದು. 2019ರ ಆಗಸ್ಟ್ 7ರಂದು ಉತ್ತರ ಒಡಿಶಾದ ಕರಾವಳಿಯನ್ನು ದಾಟಿದ ಸುತ್ತು ಚಂಡಮಾರುತದ ಮಟ್ಟವನ್ನು ಮುಟ್ಟಿರಲಿಲ್ಲ. ಗಾಳಿಯ ವೇಗ ಗಂಟೆಗೆ 62 ಕಿಲೊಮೀಟರು ಮುಟ್ಟಿದರಷ್ಟೆ ಹವಾಮಾನ ಇಲಾಖೆಯವರು ಅದಕ್ಕೆ ಹೆಸರಿಡುವರು; ಇದು ಹೆಸರಿಲ್ಲದ ಒಂದು ತೀವ್ರ ವಾಯುಭಾರ ಕುಸಿತ ಮಾತ್ರ. ಆದರೆ ಅದೇ ದಿನಗಳಲ್ಲಿ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯೂ, ಮಲೆನಾಡಿನ ತುಂಗೆ ಭದ್ರೆಗಳೂ ಉಕ್ಕಿ ಬಂದುವು.

ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಇದೆಯಲ್ಲ, ಅದು ತಡೆಯಬಾರದಿತ್ತೆ? ಈ ಪ್ರಶ್ನೆಯನ್ನು ಹೊಳೆಯ ದಂಡೆಯ ಪ್ರತಿಯೊಂದು ಕಟ್ಟೆಯ ಮೇಲೂ ಕೇಳಬಹುದು. ಸ್ವಲ್ಪ ಲೆಕ್ಕ ಹಾಕೋಣ. ಒಂದು ಕ್ಯೂಸೆಕ್ಸ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಒಂದು ಟಿ.ಎಂ.ಸಿ. ಎಂದರೆ 100 ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು. ಆದುದರಿಂದ ಒಂದು ಲಕ್ಷ ಕ್ಯೂಸೆಕ್ಸ್ ಒಳಹರಿವು ದಿನವೊಂದಕ್ಕೆ 8.64 ಟಿ.ಎಂ.ಸಿ. ನೀರನ್ನು ತಂದು ಸುರಿಯುವುದು. ನವಿಲುತೀರ್ಥದ ಜಲಾಶಯದ ಒಟ್ಟು ಸಾಮರ್ಥ್ಯ 37.73 ಟಿ.ಎಂ.ಸಿ. ತಳ ಕಾಣುವಂತೆ ಬರಿದಾಗಿದ್ದರೂ ಅಂಥ ಹೊಳೆ ಅದನ್ನು ನಾಲ್ಕೂವರೆ ದಿನದೊಳಗೆ ತುಂಬಿಬಿಡುವುದು. ಅರ್ಧ ತುಂಬಿದ್ದರೆ ಎರಡು ದಿನ ಸಾಕು. ಅಣೆಕಟ್ಟನ್ನು ಕಟ್ಟಿದ್ದು ಬೇಸಾಯಕ್ಕೆ ನೀರು ಕೂಡಿಡಲು. ಮುಂದೆ ಮಳೆ ಬಾರದಿದ್ದರೆ ಏನು ಗತಿ ಎಂಬ ಭಯದಿಂದ ಆಗಸ್ಟಿನಲ್ಲಿ ಅದನ್ನು ಬರಿದಾಗಿಡುವ ಧೈರ್ಯ ಯಾವ ಇಂಜಿನಿಯರಿಗೂ ಬರಲಾರದು. ತುಂಬಿದ ಮೇಲೆ ಬಾಗಿಲು ತೆರೆಯುವುದಲ್ಲದೆ ಬೇರೆ ದಾರಿ ಉಳಿಯದು.

ಇನ್ನೂ ಒಂದು ತೊಡಕಿದೆ. ಅಣೆಕಟ್ಟಿನ ಹಿಡಿತಕ್ಕೆ ಒಳಗಾಗದ ಬೆಣ್ಣೆಹಳ್ಳವು ಹುಬ್ಬಳ್ಳಿ, ನವಲಗುಂದಗಳ ಎರೆನಾಡಿನ ನೀರನ್ನೆಲ್ಲ ಬಳಿದು ತಂದು ಹೊಳೆಆಲೂರಿನ ಸಮೀಪದ ಮೆಣಸಗಿಯ ಬಳಿ ಮಲಪ್ರಭೆಯನ್ನು ಸೇರುವುದು. ಎರೆಮಣ್ಣಿನ ಜೇಡಿಯಲ್ಲಿ ನೀರು ಕುಡಿದು ಉಬ್ಬುವ ಖನಿಜಗಳಿವೆ. ಬೇಸಗೆಯಲ್ಲಿ ಅಂಗೈ ತೂರುವಷ್ಟು ಅಗಲವಾಗಿ ಬಾಯಿಬಿಟ್ಟಿದ್ದ ಬಿರುಕುಗಳು ಮೊದಲ ಮಳೆಗಳನ್ನು ಗಟಗಟನೆ ನುಂಗುತ್ತವೆ. ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡಿತೆಂದರೆ ಆ ಮೇಲೆ ಬಿದ್ದ ಮಳೆಯೆಲ್ಲ ಅರಗಿನ ನೆಲದ ಮೇಲೆ ಬಿದ್ದಂತೆ ಹರಿದುಹೋಗುವುದು. 2009ರ ಸೆಪ್ಟೆಂಬರಿನ ಕೊನೆ ಮತ್ತು ಅಕ್ಟೋಬರಿನ ಮೊದಲ ದಿನಗಳಲ್ಲಿ ಬಂಗಾಳ ಕೊಲ್ಲಿಯ ಇನ್ನೊಂದು ವಾಯುಭಾರ ಕುಸಿತದಿಂದ ಮಳೆ ಸುರಿದದ್ದು ಘಟ್ಟದ ಮೇಲಲ್ಲ, ಈ ಬಯಲಿನ ಮೇಲೆಯೇ. ಹೀಗೆ ಈ ಸೀಮೆಗೆ ಪ್ರವಾಹವು ಎರಡು ಬಾಗಿಲಿನಿಂದ ಬರುವುದು. ಒಂದನ್ನು ಕಾಯುತ್ತ ಕುಳಿತವನಿಗೆ ಇನ್ನೊಂದು ಕಾಣಿಸುವುದಿಲ್ಲ.

ಊರವರ ಪಾಡು ಇದಾದರೆ, ಹೊಳೆಯ ಸ್ವಭಾವವನ್ನೇ ಅರಿಯದೆ ಎರಡು ದಿನಕ್ಕೆಂದು ಬಂದ ಪರಸ್ಥಳದವನ ಪಾಡೇನು? ಹೊಳೆಆಲೂರಿನಿಂದ ಕೆಳಗೆ ಇದೇ ಮಲಪ್ರಭೆಯ ದಂಡೆಯ ಮೇಲೆ ಪಟ್ಟದಕಲ್ಲು, ಐಹೊಳೆಗಳಿವೆ. 2019ರಲ್ಲಿ ಪಟ್ಟದಕಲ್ಲಿನ ಗುಡಿಗಳ ಸುತ್ತಲೂ ಹೊಳೆಯ ನೀರು ನಿಂತಿತ್ತು. ಆದರೆ ಪ್ರವಾಸಿಗಳು ನಿಜವಾಗಿ ಸಿಕ್ಕಿಬಿದ್ದದ್ದು ಅದೇ ವಾರ, ಹೊಳೆಆಲೂರಿನ ಆಗ್ನೇಯಕ್ಕೆ ಸುಮಾರು 100 ಕಿಲೊಮೀಟರು ದೂರದಲ್ಲಿ, ತುಂಗಭದ್ರೆಯ ನಡುವಿನ ವಿರೂಪಾಪುರ ಗಡ್ಡಿಯಲ್ಲಿ.

ಹಂಪಿಯ ವಿರೂಪಾಕ್ಷ ಗುಡಿಯ ಎದುರು ದಡದಲ್ಲಿರುವ ಈ ಗಡ್ಡಿಗೆ ಹಂಪಿಯ ಕಡೆಯಿಂದ ದೋಣಿಯಲ್ಲಿ ದಾಟಿಹೋಗಬೇಕು. ಗಂಗಾವತಿಯ ಕಡೆಯಿಂದ ರಸ್ತೆ ಉಂಟು. ಬಂಡೆಗಳ ನಡುವೆ ಹರಿಯುವ ನೀರು, ಹಸುರು ಗದ್ದೆ, ಅಗ್ಗದ ವಸತಿಗೃಹಗಳು: ದೇಶವಿದೇಶಗಳ ತರುಣರು ಇಲ್ಲಿಗೆ ಬಂದು ವಾರಗಟ್ಟಲೆ ತಂಗುತ್ತಿದ್ದರು. ಹೊಸಪೇಟೆಯ ತುಂಗಭದ್ರಾ ಜಲಾಶಯ ಇಲ್ಲಿಂದ ಹತ್ತಿರ. 33 ಬಾಗಿಲುಗಳ ಈ ಜಲಾಶಯವನ್ನು ಕಟ್ಟಿದಾಗ ಅದರಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಅದು 105ರ ಆಸುಪಾಸಿಗೆ ಇಳಿದಿದೆ. ಆ ಆಗಸ್ಟಿನಲ್ಲಿ ಒಂದೂವರೆ ಲಕ್ಷ ಕ್ಯೂಸೆಕ್ಸಿಗೂ ಮಿಕ್ಕಿದ ನೀರನ್ನು ಹೊರಬಿಡಬೇಕಾಗಿ ಬಂತು. ಆ ನೀರು ಕೆಲವೇ ಗಂಟೆಗಳಲ್ಲಿ ಗಡ್ಡಿಯನ್ನು ಸುತ್ತುವರಿಯಿತು. ದೋಣಿ ನಿಂತಿತು, ರಸ್ತೆ ಮುಳುಗಿತು, ನೂರಾರು ಪ್ರವಾಸಿಗಳು ಒಳಗೆ ಉಳಿದರು. ಸುಖಕ್ಕಾಗಿ ಬಾಡಿಗೆಗೆ ಹಿಡಿದ ಕೋಣೆಯೇ ಆಸರೆಯ ಶಿಬಿರವಾಯಿತು.

ರಾಷ್ಟ್ರೀಯ ವಿಪತ್ತು ಪಡೆಯವರೂ ಅಗ್ನಿಶಾಮಕ ದಳದವರೂ ದೋಣಿಗಳಲ್ಲಿ ಹೊರಟರು. ಆಗಸ್ಟ್ 12ರಂದು ಅವರ ದೋಣಿಯೊಂದು ಮಗುಚಿ, ರಕ್ಷಿಸಲು ಹೋದ ಐವರೇ ಪ್ರವಾಹದಲ್ಲಿ ಕೊಚ್ಚಿಹೋದರು. ಪುಣ್ಯವಶಾತ್ ಐವರನ್ನೂ ಬದುಕಿಸಿಕೊಳ್ಳಲಾಯಿತು. ಪ್ರವಾಸಿಗಳನ್ನು ದೋಣಿಯಿಂದಲೂ ವಾಯುಪಡೆಯ ಹೆಲಿಕಾಪ್ಟರಿನಿಂದಲೂ ದಾಟಿಸಿದರು.

ತರಬೇತಾದ ಈಜುಗಾರರನ್ನೂ ಹೀಗೆ ಎಳೆದೊಯ್ಯುವ ಬಲ ಎಂಥದು? ನೀರು ಗಾಳಿಗಿಂತ 800 ಪಟ್ಟಿಗೂ ಹೆಚ್ಚು ಸಾಂದ್ರವಾದದ್ದು. ಹರಿಯುವ ವಸ್ತು ಎದುರಿಗಿದ್ದುದನ್ನು ನೂಕುವ ಬಲವು ಅದರ ಸಾಂದ್ರತೆಯನ್ನೂ ವೇಗದ ವರ್ಗವನ್ನೂ ಅವಲಂಬಿಸಿದೆ. ಸೆಕೆಂಡಿಗೆ 3 ಮೀಟರು, ಅಂದರೆ ಗಂಟೆಗೆ ಸುಮಾರು 11 ಕಿಲೊಮೀಟರು ವೇಗದ ಹೊಳೆಯನ್ನು ಊಹಿಸಿಕೊಳ್ಳಿರಿ. ದಡದ ಮೇಲೆ ಒಬ್ಬ ಹುಡುಗನು ಅದರ ಜೊತೆಗೆ ಓಡಬಲ್ಲನು. ನೋಡುವವರಿಗೆ ಅದು ಭಯಂಕರವೆನಿಸದು. ಆದರೆ ಅಷ್ಟೇ ನೂಕುಬಲ ಬರಬೇಕಾದರೆ ಗಾಳಿಯು ಗಂಟೆಗೆ 300 ಕಿಲೊಮೀಟರಿಗೂ ಹೆಚ್ಚು ವೇಗದಿಂದ ಬೀಸಬೇಕು. ಜಗತ್ತಿನ ಅತ್ಯುಗ್ರ ಚಂಡಮಾರುತಗಳಲ್ಲಿಯೂ ಅಂಥ ಗಾಳಿ ಅಪರೂಪ. ಆ ಗಾಳಿಯಲ್ಲಿ ಹೊರಗೆ ಕಾಲಿಡಲು ಯಾರೂ ಒಪ್ಪರು; ತೊಡೆಯುದ್ದದ ನೀರಿಗೆ ಮಾತ್ರ ನಗುತ್ತ ಇಳಿಯುವರು! ದೋಣಿಯ ಕಥೆಯೂ ಇದೇ. ಹರಿವಿಗೆ ಅಡ್ಡಲಾಗಿ ತಿರುಗಿ ಬಂಡೆಗೆ ತಗುಲಿದ ದೋಣಿಯ ಮೇಲ್ಮಗ್ಗುಲಿಗೆ ನೀರು ರಾಶಿಯಾಗಿ ಏರಿ ಆ ಅಂಚನ್ನು ಕೆಳಕ್ಕೆ ಒತ್ತುವುದು; ಒಮ್ಮೆ ಅಂಚು ಮುಳುಗಿತೆಂದರೆ ಮಗುಚಲು ಕ್ಷಣವೂ ಬೇಡ. ಹಂಪಿಯ ಪಾತ್ರವಂತೂ ಕಣಶಿಲೆಯ ಗುಂಡುಗಳಿಂದ ತುಂಬಿದೆ. ನೆರೆ ಬಂದಾಗ ಅವು ಕಣ್ಣಿಗೆ ಕಾಣವು, ಸುಳಿಗಳನ್ನು ಮಾತ್ರ ಎಬ್ಬಿಸುತ್ತಿರುವುವು.

ಆದುದರಿಂದ ಮೇಲಿನ ಸೂರು ಗಟ್ಟಿಯಾಗಿದ್ದು ನೀರು ಏರಿ ಬರುವ ಭಯವಿಲ್ಲದಿದ್ದರೆ, ಒಳಗೆ ಕಾಯುವುದೇ ಹಲವು ವೇಳೆ ಜಾಣತನ. ಕಾಯುವುದಕ್ಕೆ ಏನು ಬೇಕು? ಸಾಮಾನ್ಯವಾಗಿ ಎಲ್ಲರಿಗೂ ಮೊದಲು ಅನ್ನದ ಚಿಂತೆ. ಆದರೆ ಅನ್ನವಿಲ್ಲದೆ ಆರೋಗ್ಯವಂತನು ಕೆಲವು ದಿನ ತಡೆಯಬಲ್ಲನು, ನೀರಿಲ್ಲದೆ ತಡೆಯಲಾರನು. ಸುತ್ತಲೂ ಸಮುದ್ರದಂತೆ ನೀರಿದ್ದರೂ ಅದು ಊರಿನ ಬಚ್ಚಲು, ತಿಪ್ಪೆಗಳನ್ನೆಲ್ಲ ತೊಳೆದು ಬಂದ ನೀರು. ಕಾಸದೆ, ಕ್ಲೋರಿನ್ ಬೆರೆಸದೆ ಕುಡಿದರೆ ವಾಂತಿಭೇದಿ ತಪ್ಪದು. ಅಂತರರಾಷ್ಟ್ರೀಯ ಪರಿಹಾರ ಸಂಸ್ಥೆಗಳು ಒಪ್ಪಿಕೊಂಡಿರುವ ‘ಸ್ಫಿಯರ್’ ಮಾನದಂಡದಂತೆ ಆಳಿಗೆ ದಿನವೊಂದಕ್ಕೆ 15 ಲೀಟರು ನೀರು, ಮಲಗಲು ಮೂರೂವರೆ ಚದರ ಮೀಟರು ಜಾಗ, 20 ಜನಕ್ಕೆ ಒಂದು ಶೌಚಗೃಹ ಬೇಕು. 500 ಜನರ ಶಿಬಿರಕ್ಕೆ ದಿನಕ್ಕೆ 7,500 ಲೀಟರು ನೀರಾಯಿತು. ವಿದ್ಯುತ್ತು ಹೋಗಿ ಪಂಪು ನಿಂತ ಮೇಲೆ ಅದು ಎಲ್ಲಿಂದ ಬರಬೇಕು?

2005ರ ಆಗಸ್ಟ್ 29ರಂದು ಕತ್ರಿನಾ ಹರಿಕೇನ್ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ಹೊಡೆದಾಗ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಸೂಪರ್‌ಡೋಮ್ ಎಂಬ ಮುಚ್ಚಿದ ಕ್ರೀಡಾಂಗಣದಲ್ಲಿ ಸಾವಿರಾರು ಜನ ಆಶ್ರಯ ಪಡೆದಿದ್ದರು. ಅವರಲ್ಲಿ ಊರು ನೋಡಲು ಬಂದ ವಿದೇಶಿ ಪ್ರವಾಸಿಗಳೂ ಇದ್ದರು. ಗಾಳಿಗೆ ಚಾವಣಿಯ ಹೊದಿಕೆ ಹರಿಯಿತು, ದೀಪಗಳು ಆರಿದುವು, ನಲ್ಲಿಗಳು ಬತ್ತಿ ಶೌಚಗೃಹಗಳು ಕೆಟ್ಟುವು. ಅಷ್ಟು ಸಿರಿವಂತ ದೇಶದಲ್ಲಿ ಜನರು ದಿನಗಟ್ಟಲೆ ಆ ದುರ್ಗಂಧದಲ್ಲಿ ಕಳೆದರು. ಅದಕ್ಕೆ ಹೋಲಿಸಿದರೆ 2009ರ ಅಕ್ಟೋಬರ್ 2ರಂದು ತುಂಗಭದ್ರೆ ಮಂತ್ರಾಲಯವನ್ನು ಹೊಕ್ಕಾಗ ಅಲ್ಲಿ ಸಿಕ್ಕಿಬಿದ್ದ ಯಾತ್ರಿಕರಿಗೆ ಮೇಲಿನ ಮಹಡಿಗಳೇ ಆಸರೆಯಾದುವು. ಶಿಬಿರವೆಂಬ ಹೆಸರಿನ ಕಟ್ಟಡ ಅಲ್ಲಿರಲಿಲ್ಲ, ಬೇಕಾದದ್ದು ಎತ್ತರ.

ಹೊಳೆಆಲೂರಿನ ಸೀಮೆಯವರಿಗೆ ಈ ಎತ್ತರದ ಮಾತು ಹೊಸದಲ್ಲ. 2009ರ ನೆರೆಯ ಅನಂತರ ‘ಆಸರೆ’ ಎಂಬ ಯೋಜನೆಯಲ್ಲಿ ಉತ್ತರ ಕರ್ನಾಟಕದ ಹೊಳೆದಂಡೆಯ ಹಳ್ಳಿಗಳಿಗೆ ಎತ್ತರದ ನೆಲದಲ್ಲಿ ಹೊಸ ಮನೆಗಳನ್ನು ಕಟ್ಟಲಾಯಿತು. ಅನೇಕರು ಅಲ್ಲಿಗೆ ಹೋಗಲೊಲ್ಲದೆ ಹಳೆಯ ಊರಿನಲ್ಲಿಯೇ ಉಳಿದರು. ಪೇಟೆಯವರು ಇದನ್ನು ಹಟಮಾರಿತನವೆನ್ನುವರು. ನಮಗೆ ಹಾಗೆ ತೋರುವುದಿಲ್ಲ. ದನ ಕಟ್ಟಲು ಹಕ್ಕೆ, ಮೇವಿನ ಬಣವೆಗೆ ಹಿತ್ತಲು, ಹೊಲಕ್ಕೆ ಹತ್ತಿರದ ಹಾದಿ ಇಲ್ಲದ ಮನೆಯು ಒಕ್ಕಲಿಗನಿಗೆ ಮನೆಯೇ ಅಲ್ಲ. ಮಲಗುವ ಕೋಣೆ ಅಷ್ಟೆ. ಪ್ರವಾಸಿಗೆ ಅಷ್ಟೇ ಸಾಕು, ಅವನು ನಾಳೆ ಹೊರಡುವವನು.

ಊರವನ ಬಳಿ ಇರುವ ಇನ್ನೊಂದು ವಸ್ತು ಪ್ರವಾಸಿಯ ಬಳಿ ಇಲ್ಲ. ಅದು ಹೊಳೆಯ ಗುರುತು. ನೀರು ಒಮ್ಮೆಲೆ ಕೆಂಪಾಯಿತೆ, ನೊರೆಯ ಜೊತೆಗೆ ಕಸಕಡ್ಡಿ ತೇಲಿ ಬರುತ್ತಿದೆಯೆ, ನಿನ್ನೆ ಕಾಣುತ್ತಿದ್ದ ಬಂಡೆ ಇಂದು ಮುಚ್ಚಿದೆಯೆ ಎಂಬುದನ್ನು ದಂಡೆಯವನು ನೋಡುತ್ತಲೇ ಇರುವನು. ಆಕಾಶ ತಿಳಿಯಾಗಿದೆಯೆಂದು ಅವನು ಮೋಸಹೋಗನು. ಅಣೆಕಟ್ಟಿನಿಂದ ಬಿಟ್ಟ ನೀರು ಗಂಟೆಗೆ 5 ಕಿಲೊಮೀಟರಿನಂತೆ ನಡೆದು ಬಂದರೆ 100 ಕಿಲೊಮೀಟರು ಕೆಳಗಿನ ಊರನ್ನು ಮುಟ್ಟಲು 20 ಗಂಟೆ ಬೇಕು. 20 ಕಿಲೊಮೀಟರು ಕೆಳಗಿನವನಿಗೆ ಸಿಕ್ಕುವುದು 4 ಗಂಟೆ ಮಾತ್ರ. ರಾತ್ರಿ ಮಲಗುವ ಮುನ್ನ ಮೇಲಿನ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟಿದ್ದಾರೆ ಎಂದು ವಸತಿಗೃಹದ ಯಜಮಾನನನ್ನು ಕೇಳುವ ಅತಿಥಿಯನ್ನು ನಾವು ಈವರೆಗೆ ಕಂಡಿಲ್ಲ. ಬಿಸಿನೀರು ಎಷ್ಟು ಗಂಟೆಗೆ ಬರುವುದೆಂದು ಎಲ್ಲರೂ ಕೇಳುವರು.

ವಿರೂಪಾಪುರ ಗಡ್ಡಿಯ ವಸತಿಗೃಹಗಳು ಈಗಿಲ್ಲ. ಪಾರಂಪರಿಕ ಪ್ರದೇಶದಲ್ಲಿ ಅವುಗಳನ್ನು ಅಕ್ರಮವಾಗಿ ಕಟ್ಟಿದ್ದೆಂಬ ಕಾರಣದಿಂದ, 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದ ಮೇಲೆ, ಅವುಗಳನ್ನು ಕೆಡವಲಾಯಿತು. ಎದುರು ದಡದ ಹಂಪಿಯಲ್ಲಿ, ಹೊಳೆಯ ಅಂಚಿನಲ್ಲಿಯೇ, ಪುರಂದರ ಮಂಟಪವಿದೆ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಅದರ ಕಲ್ಲುಕಂಬಗಳು ಮುಳುಗುತ್ತವೆ. ಪ್ರವಾಸಿಗಳು ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವರು. ದೋಣಿಯವರು ಕಂಬದ ಎಷ್ಟು ಭಾಗ ನೀರಿನಲ್ಲಿದೆ ಎಂದು ನೋಡುವರು.