ತಾತನ ಕಾಲದ ಹಾಡು, ಮೊಮ್ಮಗಳ ಆಲ್ಬಂ

ತಾತನಿಗೆ ಹಳೆಯ ಹಾಡು ಬೇಕು, ಮೊಮ್ಮಗಳಿಗೆ ಹೊಸದು ಬೇಕು. ಮೊದಲಾದರೆ ಮನೆಯ ಒಂದೇ ರೇಡಿಯೊಗಾಗಿ ಜಗಳ ನಡೆಯುತ್ತಿತ್ತು. ಈಗ ಎಲ್ಲರ ಕಿವಿಗೂ ಇಯರ್‌ಫೋನ್ ಬಂದಿದೆ. ಜಗಳವೂ ಇಲ್ಲ, ಒಟ್ಟಿಗೆ ಕೂತು ಕೇಳುವುದೂ ಇಲ್ಲ!

ಆದರೆ ಮಕ್ಕಳೇ, ತಾತ-ಅಜ್ಜಿಯರ ಕಾಲದ ಹಾಡುಗಳನ್ನೇ ಹಾಡಿ ‘ವರ್ಷದ ಅತ್ಯುತ್ತಮ ಹೊಸ ಕಲಾವಿದೆ’ ಎನಿಸಿಕೊಂಡ ಹುಡುಗಿಯೊಬ್ಬಳಿದ್ದಾಳೆ. ಹೆಸರು ಸಮಾರಾ ಜಾಯ್. ಊರು ಅಮೆರಿಕದ ನ್ಯೂಯಾರ್ಕ್. ಆಕೆ ಹಾಡುವುದು ಜಾಝ್ ಸಂಗೀತ.

ಜಾಝ್ ಎಂದರೇನು? ಅದು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಕಪ್ಪು ಜನರ ನಡುವೆ ಬೆಳೆದ ಸಂಗೀತ. ಸಾಮಾನ್ಯವಾಗಿ ಮೊದಲು ಎಲ್ಲರೂ ಸೇರಿ ಒಂದು ಧಾಟಿ ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರೇ ಸರದಿಯಂತೆ ಅದನ್ನು ತಮ್ಮ ಮನಸ್ಸಿಗೆ ಬಂದಂತೆ ಬೆಳೆಸುತ್ತಾರೆ. ಕೊನೆಗೆ ಎಲ್ಲರೂ ಮೊದಲಿನ ಧಾಟಿಗೆ ಮರಳುತ್ತಾರೆ. ನಮ್ಮ ಕಛೇರಿಗಳಲ್ಲಿ ಕಲ್ಪನಾಸ್ವರ ಕೇಳಿದ ಅಜ್ಜ-ಅಜ್ಜಿಯರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕದ್ರಿ ಗೋಪಾಲನಾಥ್ ಅವರು ನುಡಿಸುತ್ತಿದ್ದ ಸ್ಯಾಕ್ಸೊಫೋನ್ ನೆನಪಿದೆಯೇ? ಜಾಝ್‌ನ ಮುಖ್ಯ ವಾದ್ಯಗಳಲ್ಲಿ ಅದೂ ಒಂದು.

ಸಮಾರಾ ಹುಟ್ಟಿದ್ದು 1999ರಲ್ಲಿ. ಆಕೆಯ ತಾತ, ಅಜ್ಜಿ ಇಬ್ಬರೂ ಫಿಲಡೆಲ್ಫಿಯಾ ನಗರದ ‘ಸ್ಯಾವೆಟ್ಸ್’ ಎಂಬ ತಂಡದಲ್ಲಿ ಚರ್ಚಿನ ಭಕ್ತಿಗೀತೆ ಹಾಡುತ್ತಿದ್ದವರು. ತಂದೆಯೂ ಹಾಡುಗಾರ. ಮನೆಯೊಳಗೆ ಸಂಗೀತ ಸದಾ ಇತ್ತು. ಆದರೆ ಜಾಝ್‌ನ ಗಟ್ಟಿ ಪರಿಚಯವಾದದ್ದು ಮಾತ್ರ ಕಾಲೇಜಿಗೆ ಹೋದ ಮೇಲೆ. ಸಾರಾ ವಾನ್ ಎಂಬ ಮಹಾನ್ ಗಾಯಕಿಯ ಹಾಡು ಆಕೆಯ ಮನಸ್ಸನ್ನು ಹಿಡಿಯಿತು. ಸಾರಾ ವಾನ್ ತೀರಿಕೊಂಡದ್ದು 1990ರಲ್ಲಿ, ಅಂದರೆ ಸಮಾರಾ ಹುಟ್ಟುವ ಒಂಬತ್ತು ವರ್ಷ ಮೊದಲೇ! ಕಣ್ಣಿಂದ ಕಾಣದ ಆ ಗುರುವನ್ನು ಆಕೆ ಕಿವಿಯಿಂದಲೇ ಕಂಡಳು. 2019ರಲ್ಲಿ ಸಾರಾ ವಾನ್ ಹೆಸರಿನಲ್ಲಿಯೇ ನಡೆಯುವ ಅಂತಾರಾಷ್ಟ್ರೀಯ ಗಾಯನ ಸ್ಪರ್ಧೆಯನ್ನು ಗೆದ್ದಳು.

2021ರಲ್ಲಿ ಮೊದಲ ಆಲ್ಬಂ ಬಂತು. ಮರುವರ್ಷ ಬಂದ ಎರಡನೆಯದರ ಹೆಸರು ‘ಲಿಂಗರ್ ಅವೈಲ್’, ‘ಇನ್ನೂ ಸ್ವಲ್ಪ ಹೊತ್ತು ಇರು’ ಎಂದರ್ಥ. ಆ ಹೆಸರಿನ ಹಾಡು 1923ರಷ್ಟು ಹಳೆಯದು.

ಅದೇ ಆಲ್ಬಂನಲ್ಲಿ ಇನ್ನೊಂದು ಸೋಜಿಗವಿದೆ. ಫ್ಯಾಟ್ಸ್ ನವಾರೊ ಎಂಬ ಕಲಾವಿದ 1947ರಲ್ಲಿ ಟ್ರಂಪೆಟ್ ಎಂಬ ತುತ್ತೂರಿಯಲ್ಲಿ ‘ನಾಸ್ಟಾಲ್ಜಿಯಾ’ ಎಂಬ ಧಾಟಿಯನ್ನು ಬೆಳೆಸಿ ನುಡಿಸಿದ್ದರು. ಅವರು 26ನೇ ವಯಸ್ಸಿಗೇ ತೀರಿಕೊಂಡರು. ಸಮಾರಾ ಆ ತುತ್ತೂರಿಯ ಪ್ರತಿ ತಿರುವನ್ನೂ ಕೇಳಿ ಕೇಳಿ ಕಲಿತು, ಅದಕ್ಕೆ ತಾನೇ ಮಾತು ಹೊಂದಿಸಿ ಹಾಡಿದಳು. ನಾದಸ್ವರದವರು ನುಡಿಸಿದ ಆಲಾಪನೆಗೆ ನೀವು ಸಾಹಿತ್ಯ ಬರೆದ ಹಾಗೆ! ಎಪ್ಪತ್ತೈದು ವರ್ಷದ ಹಿಂದಿನ ಉಸಿರಿಗೆ ಹೊಸ ಬಾಯಿ ಸಿಕ್ಕಿತು.

2023ರ ಫೆಬ್ರುವರಿಯಲ್ಲಿ ಸಮಾರಾಗೆ ಎರಡು ಗ್ರ್ಯಾಮಿ ಪ್ರಶಸ್ತಿ ಬಂದವು. ಒಂದು ಜಾಝ್ ಗಾಯನದ ಆಲ್ಬಂಗೆ, ಇನ್ನೊಂದು ಅತ್ಯುತ್ತಮ ಹೊಸ ಕಲಾವಿದೆ ಎಂದು. ಆಗ ವಯಸ್ಸು ಬರೀ 23.

‘ಅಬ್ಬಾ, ಅಷ್ಟು ದೊಡ್ಡವರಾಗುವ ತನಕ ಕಾಯಬೇಕಾ?’ ಎನ್ನುವ ಪುಟಾಣಿಗಳಿಗೆ ಜೋಯಿ ಅಲೆಕ್ಸಾಂಡರ್‌ನ ಕಥೆ ಹೇಳಬೇಕು. ಇವನು 2003ರಲ್ಲಿ ಇಂಡೊನೇಷ್ಯಾದ ಬಾಲಿ ದ್ವೀಪದಲ್ಲಿ ಹುಟ್ಟಿದ. ಅಪ್ಪನ ಬಳಿ ಜಾಝ್ ಆಲ್ಬಂಗಳಿದ್ದವು. ಆರು ವರ್ಷದವನಿದ್ದಾಗ, ಥೆಲೋನಿಯಸ್ ಮಂಕ್ ಎಂಬ ಹಿರಿಯ ಕಲಾವಿದರ ಧಾಟಿಯೊಂದನ್ನು ಬರೀ ಕೇಳಿಯೇ ಕಲಿತು ಕೀಬೋರ್ಡಿನಲ್ಲಿ ನುಡಿಸಿಬಿಟ್ಟ. 2015ರಲ್ಲಿ ಮೊದಲ ಆಲ್ಬಂ ಬಂದಾಗ ಅವನಿಗೆ ಹನ್ನೊಂದು ವರ್ಷ. ನಮ್ಮಲ್ಲಿ ಆರನೇ ಕ್ಲಾಸಿನ ವಯಸ್ಸು! ಅದಕ್ಕೆ ಎರಡು ಗ್ರ್ಯಾಮಿ ನಾಮನಿರ್ದೇಶನ ಸಿಕ್ಕಿತು. ಪ್ರಶಸ್ತಿ ಬರಲಿಲ್ಲ. ಅವನು ಪಿಯಾನೊ ಬಿಡಲಿಲ್ಲ. ಆಲ್ಬಂಗಳು ಬರುತ್ತಲೇ ಇವೆ.

ಗಮನಿಸಿದಿರಾ? ಇಬ್ಬರೂ ಹೊಸ ಕಲಾವಿದರೇ, ಇಬ್ಬರೂ ಆರಂಭಿಸಿದ್ದು ಹಿರಿಯರ ಹಾಡು ಕೇಳುವುದರಿಂದ. ಆ ಹಾಡುಗಳು ಇವರ ಕಿವಿಗೆ ಬಿದ್ದದ್ದು ಯಾರೋ ಅವನ್ನು ಜೋಪಾನ ಮಾಡಿದ್ದರಿಂದ. 2023ರ ಕೊನೆಯಲ್ಲಿ ಸಮಾರಾ ಕ್ರಿಸ್‌ಮಸ್ ಹಾಡುಗಳ ಪುಟ್ಟ ಆಲ್ಬಂ ತಂದಾಗ ಮನೆಯವರನ್ನೂ ಜೊತೆಗೆ ಹಾಡಿಸಿದಳು.

ನಮ್ಮ ಅಜ್ಜಿಯರ ಸೋಬಾನೆ ಪದ, ಬೀಸುವ ಪದ, ತೊಟ್ಟಿಲ ಹಾಡುಗಳಲ್ಲಿ ಎಷ್ಟೋ ಯಾವ ಆಲ್ಬಂನಲ್ಲೂ ಇಲ್ಲ. ಅಜ್ಜಿಯ ನೆನಪಿನಲ್ಲಿ ಮಾತ್ರ ಇವೆ. ಯಾರೂ ಕೇಳದಿದ್ದರೆ ಅಲ್ಲೇ ಉಳಿದುಹೋಗುತ್ತವೆ.

ಈ ಭಾನುವಾರ ಒಂದು ಕೆಲಸ ಮಾಡಿ. ಇಯರ್‌ಫೋನ್ ತೆಗೆದಿಟ್ಟು ಅಜ್ಜಿಯ ಪಕ್ಕ ಕೂತು, ‘ನಿನ್ನ ಅಮ್ಮ ಹಾಡುತ್ತಿದ್ದ ಹಾಡು ಯಾವುದಜ್ಜಿ?’ ಎಂದು ಕೇಳಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ವಾರವಿಡೀ ಕೇಳಿ ಕಲಿತು, ಮುಂದಿನ ಭಾನುವಾರ ಅಜ್ಜಿಗೇ ಹಾಡಿ ತೋರಿಸಿ. ಒಂದೆರಡು ಕಡೆ ಧಾಟಿ ಬದಲಾದರೂ ಚಿಂತೆಯಿಲ್ಲ.

ಅಜ್ಜ-ಅಜ್ಜಿಯರೇ, ‘ಈಗ ಗಂಟಲೇ ಇಲ್ಲಪ್ಪ’ ಎಂದು ನೆಪ ಹೇಳಬೇಡಿ. ಮೊಮ್ಮಕ್ಕಳಿಗೆ ಬೇಕಿರುವುದು ನಿಮ್ಮ ಗಂಟಲಲ್ಲ, ನಿಮಗೆ ಗೊತ್ತಿರುವ ಹಾಡು.