ಹೊಗೆಯ ಕಣಕ್ಕೂ ವಯಸ್ಸಾಗುತ್ತದೆ

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಡೀಸೆಲ್ ವಾಹನ ಉಗುಳುವ ಹೊಗೆಯನ್ನು ಗಮನಿಸಿ. ಅದರ ಮಸಿ ಕಣಗಳ ಮೇಲೆ ಉರಿಯದೆ ಉಳಿದ ಎಣ್ಣೆಯ ಲೇಪವಿರುತ್ತದೆ. ನೀರು ಅವಕ್ಕೆ ಸುಲಭವಾಗಿ ಅಂಟದು. ಗಾಳಿಯಲ್ಲಿ ತೇಲುವ ಇಂಥ ಸೂಕ್ಷ್ಮ ಕಣಗಳೇ ಏರೋಸಾಲ್‌ಗಳು.

ಬಿಸಿಲಿನ ಅತಿನೇರಿಳೆ ಕಿರಣ ಓಝೋನ್ ಅಣುವನ್ನು ಒಡೆದಾಗ ಹೊರಬೀಳುವ ಉದ್ರಿಕ್ತ ಆಕ್ಸಿಜನ್ ಪರಮಾಣು ನೀರಾವಿಯೊಡನೆ ವರ್ತಿಸಿದರೆ ಹೈಡ್ರಾಕ್ಸಿಲ್ ರ್ಯಾಡಿಕಲ್‌ಗಳು ಹುಟ್ಟುತ್ತವೆ. ಇವುಗಳಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನ್ ಒಂದಿರುವುದರಿಂದ ಬಲು ಚುರುಕು. ಆಯುಷ್ಯ ಹೆಚ್ಚೆಂದರೆ ಸುಮಾರು ಒಂದು ಸೆಕೆಂಡು. ಕಣಕ್ಕೆ ತಾಗಿದ ರ್ಯಾಡಿಕಲ್ ಎಣ್ಣೆಯ ಅಣುವಿನಿಂದ ಹೈಡ್ರೊಜನ್ ಪರಮಾಣುವನ್ನು ಕಿತ್ತುಕೊಂಡು ತಾನು ನೀರಾಗುತ್ತದೆ. ತೆರವಾದ ಸ್ಥಾನಕ್ಕೆ ಗಾಳಿಯ ಆಕ್ಸಿಜನ್ ಸೇರುತ್ತದೆ. ದಿನಗಳು ಕಳೆದಂತೆ ಮೇಲ್ಮೈ ಜಲಸ್ನೇಹಿಯಾಗುತ್ತದೆ. ಸಲ್ಫೇಟ್, ನೈಟ್ರೇಟ್ ಲೇಪಗಳೂ ಇದಕ್ಕೆ ನೆರವಾಗುತ್ತವೆ. ಆಗ ಕಣವು ಮೋಡದ ಹನಿಗೆ ಬೀಜವಾಗಿ ಮಳೆಯೊಡನೆ ನೆಲಕ್ಕಿಳಿಯಬಲ್ಲದು.

ಹಾಗೆಂದು ನಿಶ್ಚಿಂತರಾಗುವಂತಿಲ್ಲ. ಈ ಶುದ್ಧೀಕರಣಕ್ಕೆ ದಿನಗಳೇ ಬೇಕು. ಬಸ್ ನಿಲ್ದಾಣದಲ್ಲಿ ನಿಂತವರ ಶ್ವಾಸಕೋಶಕ್ಕೆ ಕಣ ಸೇರಲು ಕ್ಷಣ ಸಾಕು. ಇನ್ನೊಂದು ತೊಡಕೂ ಉಂಟು. ಓಝೋನ್ ಉತ್ಪತ್ತಿಗೆ ಕಾರಣವಾಗುವ ಹೈಡ್ರೋಪೆರಾಕ್ಸಿ ರ್ಯಾಡಿಕಲ್‌ಗಳನ್ನು ಕಣಗಳು ಹೀರಿಕೊಳ್ಳುತ್ತವೆ. ಚೀನದಲ್ಲಿ 2013ರಿಂದ 2017ರವರೆಗೆ ಸೂಕ್ಷ್ಮ ಕಣಗಳು ಇಳಿದರೂ ನಗರಗಳಲ್ಲಿ ಓಝೋನ್ ಏರಿತು. ಹೀರುವ ಕಣಗಳು ಕಡಿಮೆಯಾದದ್ದು ಇದಕ್ಕೆ ಮುಖ್ಯ ಕಾರಣವೆಂದು 2019ರ ಅಧ್ಯಯನವೊಂದು ಸೂಚಿಸಿತು. ಆದ್ದರಿಂದ ಹೊಗೆಯ ಕಣಗಳೊಡನೆ ನೈಟ್ರೊಜನ್ ಆಕ್ಸೈಡ್, ಹೈಡ್ರೋಕಾರ್ಬನ್ ಆವಿಗಳನ್ನೂ ತಗ್ಗಿಸಿದರೆ ಮಾತ್ರ ನಮ್ಮ ಗಾಳಿ ನಿಜವಾಗಿ ಶುದ್ಧವಾದೀತು.